ಯುದ್ಧಕಾಲದ ಉಗಿಬಂಡಿಗಳು: ಬಿಟ್ಟದ್ದೇನು, ಉಳಿಸಿದ್ದೇನು?

ನಮ್ಮ ಹಲಗೂರಿನಲ್ಲಿ ರೈಲಿಲ್ಲ. ಕನಕಪುರದ ಕಡೆಯಿಂದ ಸಾತನೂರು ದಾಟಿ ಬರುವ ರಸ್ತೆ ಹಲಗೂರನ್ನು ಹಾದು ಮಳವಳ್ಳಿಗೆ, ಅಲ್ಲಿಂದ ಕೊಳ್ಳೇಗಾಲಕ್ಕೆ ಹೋಗುತ್ತದೆ. ರೈಲು ನೋಡಬೇಕೆಂದರೆ ಮದ್ದೂರಿಗೋ ಚನ್ನಪಟ್ಟಣಕ್ಕೋ ಹೋಗಬೇಕು. ಹಾಗಿದ್ದೂ ರೈಲಿನ ಚಿತ್ರ ಬರೆಯದ ಮಗು ನಮ್ಮೂರಿನಲ್ಲಿ ಸಿಗಲಾರದು. ಮಕ್ಕಳು ಬರೆಯುವ ಆ ರೈಲು ಯಾವಾಗಲೂ ಉಗಿಬಂಡಿಯೇ. ಉದ್ದನೆಯ ದುಂಡು ಬಾಯ್ಲರ್, ಮೂತಿಯ ಮೇಲೆ ಹೊಗೆಕೊಳವೆ, ಕೆಳಗೆ ಅರಗಾಲಿನ ದೊಡ್ಡ ಚಕ್ರಗಳು, ಹಿಂದೆ ಡ್ರೈವರ್ ನಿಲ್ಲುವ ಗೂಡು. ಉಗಿ ಎಂಜಿನ್ನುಗಳು ನಮ್ಮ ಹಳಿಗಳಿಂದ ಇಳಿದುಹೋಗಿ ದಶಕಗಳೇ ಆದರೂ ಈ ಚಿತ್ರ ಮಾತ್ರ ಬದಲಾಗಿಲ್ಲ.

ಈಗ ಇನ್ನೊಂದು ಎಂಜಿನ್ನನ್ನು ಕಣ್ಣಮುಂದೆ ತಂದುಕೊಳ್ಳಿ. ಕಾರ್ಯಕ್ರಮದಲ್ಲಿ ಇದರ ಚಿತ್ರ ಕೆಲವೇ ಕ್ಷಣ ಬಂದುಹೋಗುತ್ತದೆ. ಇಲ್ಲಿ ನಿಧಾನವಾಗಿ ನೋಡೋಣ. ಬಾಯ್ಲರ್ ದುಂಡಗಿಲ್ಲ, ತಗಡಿನ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿದಂತಿದೆ. ಹೊಗೆಕೊಳವೆ ಒಂದು ಮೋಟು ಬೋಗುಣಿಯಂತಿದೆ. ಚಕ್ರಗಳಿಗೆ ಅರಗಾಲುಗಳೇ ಇಲ್ಲ. ಇಡೀ ಚಕ್ರವೇ ಅಲ್ಲಲ್ಲಿ ಕಿಂಡಿ ಬಿಟ್ಟ ಒಂದು ಬಿಲ್ಲೆ. ಸಾಮಾನ್ಯ ಎಂಜಿನ್ನಿನಲ್ಲಿ ಬಾಯ್ಲರ್‌ನ ಎರಡೂ ಪಕ್ಕಕ್ಕೆ ಜಗಲಿಯಂತೆ ಒಂದು ನಡೆಹಲಗೆ ಇರುತ್ತದೆ, ಅದೂ ಇಲ್ಲ. ಚಕ್ರಗಳನ್ನು ಮರೆಮಾಡುವ ಅರ್ಧಚಂದ್ರದ ಹೊದಿಕೆಯೂ ಇಲ್ಲ. ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿದವನ ಹಾಗೆ ಇದು ಕಾಲು ಕಾಣುವಂತೆ ನಿಂತಿದೆ.

ಇದು 1942ರಲ್ಲಿ ಇಂಗ್ಲೆಂಡಿನ ಸದರ್ನ್ ರೈಲ್ವೆ ತಯಾರಿಸಿದ ಕ್ಯೂ1 ವರ್ಗದ ಸರಕು ಎಂಜಿನ್ನು. ಒಟ್ಟು 40 ತಯಾರಾದವು, 20 ಬ್ರೈಟನ್ನಿನ ಕಾರ್ಖಾನೆಯಲ್ಲಿ, 20 ಆಶ್‌ಫರ್ಡ್‌ನಲ್ಲಿ. ವಿನ್ಯಾಸಕಾರ ಆಲಿವರ್ ಬುಲೀಡ್. ಜನ ಇವುಗಳಿಗೆ ಬಿಸ್ಕತ್ ಡಬ್ಬಿ, ಕಾಫಿ ಕೂಜ, ಚಾರ್ಲಿ ಎಂದೆಲ್ಲ ಅಡ್ಡಹೆಸರಿಟ್ಟರು.

ಇವು ಏಕೆ ಹೀಗಿವೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ನೀವು ಏನು ಬರೆಯುವಿರಿ? “ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣದ ಅಭಾವವಿದ್ದುದರಿಂದ” ಎಂದು ಬರೆಯುವಿರಿ. ಅಂಕವೂ ಸಿಗಬಹುದು. ಆದರೆ ಆ ಉತ್ತರ ಅರ್ಧ ಮಾತ್ರ. ಅಭಾವ ಎಂಬುದು ಒಂದೇ ಬಗೆಯದಲ್ಲ. ಯಾವುದರ ಅಭಾವ, ಯಾವುದನ್ನು ಉಳಿಸಬೇಕಾಗಿತ್ತು, ಅದನ್ನು ಉಳಿಸಲು ಯಾವುದನ್ನು ಬಿಟ್ಟರು, ಬಿಟ್ಟದ್ದರ ಕಷ್ಟವನ್ನು ಕೊನೆಗೆ ಯಾರು ಅನುಭವಿಸಿದರು? ಈ ಪ್ರಶ್ನೆಗಳನ್ನು ಕೇಳಿದಾಗಲೇ ಯಂತ್ರದ ಆಕಾರ ಮಾತನಾಡತೊಡಗುತ್ತದೆ.

ಇಂಗ್ಲೆಂಡಿಗೆ ಹೋಗುವ ಮುನ್ನ ನಮ್ಮ ರಸ್ತೆಯಲ್ಲೇ ಒಂದು ಉದಾಹರಣೆ ನೋಡೋಣ. ತೊಂಬತ್ತು ದಾಟಿದ ಹಿರಿಯರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಇದ್ದಿಲ ಬಸ್ಸಿನ ಬಗ್ಗೆ ಕೇಳಿ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿಂದ ಭಾರತಕ್ಕೆ ಬರುತ್ತಿದ್ದ ಎಣ್ಣೆ ನಿಂತಿತು. ಪೆಟ್ರೋಲಿಗೆ ಮೊದಲೇ ಪಡಿತರವಿತ್ತು, ಈಗ ಅದು ಇನ್ನೂ ಬಿಗಿಯಾಯಿತು. ಆಗ ದೇಶದ ಬೇರೆ ಕಡೆಗಳಲ್ಲಿ ಆದಂತೆಯೇ ಮೈಸೂರು ಸಂಸ್ಥಾನದಲ್ಲೂ ಬಸ್ಸುಗಳ ಬೆನ್ನಿಗೆ ಆಳೆತ್ತರದ ಕಬ್ಬಿಣದ ಉರುಳೆ ಏರಿತು. ಅದರೊಳಗೆ ಇದ್ದಿಲು ತುಂಬಿ, ಸಾಲದಷ್ಟು ಗಾಳಿ ಕೊಟ್ಟು ಉರಿಸಿದರೆ ಅರೆಬೆಂದ ಅನಿಲ, ಅಂದರೆ ಕಾರ್ಬನ್ ಮಾನಾಕ್ಸೈಡ್, ಹೊರಬರುತ್ತದೆ. ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರ್ ಹುಡುಗ ಗಾಳಿಯ ಚಕ್ರವನ್ನು ಗರಗರ ತಿರುಗಿಸುತ್ತ ಕೆಂಡ ಎಬ್ಬಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಹಾಗೆ ತಳ್ಳಿದ ಕಥೆಗಳು ಮೈಸೂರು ಸೀಮೆಯ ಹಳಬರ ಬಾಯಲ್ಲಿ ಬಹುಕಾಲ ಉಳಿದಿದ್ದವು.

ಇಲ್ಲಿ ಉಳಿಸಬೇಕಾಗಿದ್ದದ್ದು ಪೆಟ್ರೋಲು. ಕಬ್ಬಿಣವಲ್ಲ, ತೂಕವಲ್ಲ, ಜನರ ದುಡಿಮೆಯಂತೂ ಅಲ್ಲವೇ ಅಲ್ಲ. ನಿಜ ಹೇಳಬೇಕೆಂದರೆ ಬಸ್ಸಿಗೆ ಕಬ್ಬಿಣ ಹೆಚ್ಚೇ ಬಿತ್ತು, ತೂಕ ಹೆಚ್ಚಿತು, ಶಕ್ತಿ ಕುಂದಿತು. ಉಳಿದ ಪೆಟ್ರೋಲಿನ ಬೆಲೆಯನ್ನು ಕ್ಲೀನರ್ ಹುಡುಗನ ರಟ್ಟೆಯೂ ಪ್ರಯಾಣಿಕರ ಭುಜವೂ ತೆತ್ತವು. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಈಗ ಸದರ್ನ್ ರೈಲ್ವೆಗೆ ಹೋಗೋಣ.

ಸದರ್ನ್ ರೈಲ್ವೆ ಲಂಡನ್ನಿನಿಂದ ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹರಡಿಕೊಂಡಿದ್ದ ಕಂಪನಿ. ಅದರ ಮುಖ್ಯ ವ್ಯವಹಾರ ಪ್ರಯಾಣಿಕರದು. ಲಂಡನ್ ಸುತ್ತಲಿನ ಮಾರ್ಗಗಳನ್ನು ಅದು ಯುದ್ಧಕ್ಕೆ ಮೊದಲೇ ವಿದ್ಯುದೀಕರಿಸಿತ್ತು. ಭಾರೀ ಗೂಡ್ಸ್ ಗಾಡಿ ಎಳೆಯುವ ಎಂಜಿನ್ನುಗಳು ಅದರ ಬಳಿ ಹೆಚ್ಚಿರಲಿಲ್ಲ. ಯುದ್ಧ ಆರಂಭವಾದದ್ದೇ ಚಿತ್ರ ತಲೆಕೆಳಗಾಯಿತು. ಶತ್ರು ಇದ್ದದ್ದು ಕಡಲ್ಗಾಲುವೆಯ ಆಚೆ ದಡದಲ್ಲಿ. ಮದ್ದುಗುಂಡು, ಟ್ಯಾಂಕು, ಕಲ್ಲಿದ್ದಲು, ಸೈನಿಕರ ಸಾಮಾನು ಎಲ್ಲವೂ ದಕ್ಷಿಣ ಕರಾವಳಿಯತ್ತ ಹರಿಯತೊಡಗಿದವು.

ಬಲವಾದ ಎಂಜಿನ್ನು ಕಟ್ಟಿದರೆ ಆಯಿತಲ್ಲ ಎನ್ನಬಹುದು. ಆದರೆ ಬಲ ಬೇಕೆಂದರೆ ದೊಡ್ಡ ಬಾಯ್ಲರ್ ಬೇಕು, ದೊಡ್ಡ ಬಾಯ್ಲರ್ ಎಂದರೆ ತೂಕ. ಸದರ್ನ್ ರೈಲ್ವೆಯ ಎಷ್ಟೋ ಶಾಖಾಮಾರ್ಗಗಳ ಸೇತುವೆಗಳೂ ಹಳಿಗಳೂ ಆ ತೂಕವನ್ನು ತಾಳುತ್ತಿರಲಿಲ್ಲ. ಎತ್ತಿನ ಗಾಡಿಗೆ ಮಾಡಿದ ಮೋರಿಯ ಮೇಲೆ ಕಬ್ಬಿನ ಲಾರಿ ಹೋದ ಹಾಗಾಗುತ್ತಿತ್ತು. ಬುಲೀಡ್‌ನ ಎದುರಿಗಿದ್ದ ಪ್ರಶ್ನೆ ಇದು: ತೂಕ ಹೆಚ್ಚಿಸದೆ ಬಲ ಹೆಚ್ಚಿಸುವುದು ಹೇಗೆ?

ಇಲ್ಲಿ ಬಾಯ್ಲರ್ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನೀವು ಮಂಡ್ಯ ಜಿಲ್ಲೆಯವರಾದರೆ ಆಲೆಮನೆಯನ್ನು ನೋಡಿಯೇ ಇರುತ್ತೀರಿ. ಒಲೆಯ ಮೇಲೆ ಕೊಪ್ಪರಿಗೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು. ಬೆಂಕಿ ಕೊಪ್ಪರಿಗೆಯ ತಳವನ್ನು ಮಾತ್ರ ಕಾಯಿಸುತ್ತದೆ. ಉಳಿದ ಬಿಸಿ ಹೊಗೆಯ ಜೊತೆ ಹಾರಿಹೋಗುತ್ತದೆ. ಉಗಿಬಂಡಿಯಲ್ಲಿ ಹಾಗೆ ಬಿಸಿಯನ್ನು ಹಾಳುಮಾಡುವಂತಿಲ್ಲ. ಹಿಂದೆ ಫೈರ್‌ಬಾಕ್ಸ್ ಎಂಬ ಉಕ್ಕಿನ ದೊಡ್ಡ ಒಲೆ. (ಇದನ್ನು ಕನ್ನಡಕ್ಕೆ ತಂದು ಬೆಂಕಿಪೆಟ್ಟಿಗೆ ಎಂದರೆ ಅಂಗಡಿಯವರು ಬೇರೇನೋ ಕೊಟ್ಟಾರು!) ಅಲ್ಲಿ ಹುಟ್ಟಿದ ಬಿಸಿ ಹೊಗೆ ನೂರಾರು ಕೊಳವೆಗಳ ಮೂಲಕ ಬಾಯ್ಲರ್‌ನ ನೀರಿನ ನಡುವೆ ಹಾದು ಮುಂದಿನ ಹೊಗೆಕೊಳವೆಗೆ ಬರುತ್ತದೆ. ಒಲೆಯ ತಳ ಎಷ್ಟು ಅಗಲವೋ ಅಷ್ಟು ಕಲ್ಲಿದ್ದಲು ಒಮ್ಮೆಗೆ ಉರಿಯುತ್ತದೆ, ಅಷ್ಟು ಆವಿ ಹುಟ್ಟುತ್ತದೆ. ಬಾಯ್ಲರ್‌ನ ಬಿಸಿ ಗಾಳಿಗೆ ಹೋಗದಂತೆ ಅದರ ಮೈಗೆ ಕಲ್ನಾರಿನಂಥ ಹೊದಿಕೆ ಸುತ್ತಿ, ಅದರ ಮೇಲೆ ತಗಡು ಹೊದಿಸುತ್ತಾರೆ. ನಾವು ದೂರದಿಂದ ನೋಡಿ ಬಾಯ್ಲರ್ ಎನ್ನುವುದು ಈ ತಗಡನ್ನೇ.

ಬುಲೀಡ್ ಬಾಯ್ಲರ್ ಮತ್ತು ಒಲೆಯ ವಿಷಯದಲ್ಲಿ ಏನನ್ನೂ ಕಡಿಮೆ ಮಾಡಲಿಲ್ಲ. ಒಲೆಯ ತಳ 27 ಚದರ ಅಡಿ, ಆವಿಯ ಒತ್ತಡ ಚದರ ಅಂಗುಲಕ್ಕೆ 230 ಪೌಂಡು. ಒಲೆಯ ತಗಡುಗಳನ್ನು ಒತ್ತಿ ಬಗ್ಗಿಸಲು ಹೊಸ ಅಚ್ಚುಗಳನ್ನು ಮಾಡಿಸಲಿಲ್ಲ. ಅದೇ ಕಂಪನಿಯ ‘ಲಾರ್ಡ್ ನೆಲ್ಸನ್’ ಎಂಬ ದೊಡ್ಡ ಪ್ರಯಾಣಿಕ ಎಂಜಿನ್ನುಗಳಿಗೆಂದು ಮಾಡಿಟ್ಟಿದ್ದ ಅಚ್ಚುಗಳನ್ನೇ ಬಳಸಿಕೊಂಡ. ಅಲ್ಲಿ ಏರಿದ ತೂಕವನ್ನು ಬೇರೆಲ್ಲಿಂದಾದರೂ ಇಳಿಸಬೇಕಲ್ಲ? ಆಗ ಎಂಜಿನ್ನಿನ ಒಂದೊಂದು ಅಂಗವನ್ನೂ ಕರೆದು “ನೀನಿಲ್ಲದಿದ್ದರೆ ಗಾಡಿ ಓಡುವುದಿಲ್ಲವೇ?” ಎಂದು ಕೇಳಿದಂತಾಯಿತು. ನಡೆಹಲಗೆ ಇಲ್ಲದಿದ್ದರೂ ಓಡುತ್ತದೆ, ಹೋಯಿತು. ಚಕ್ರದ ಮರೆ ಇಲ್ಲದಿದ್ದರೂ ಓಡುತ್ತದೆ, ಅದೂ ಹೋಯಿತು. ಅರಗಾಲಿನ ಚಕ್ರದ ಬದಲು ಷೆಫೀಲ್ಡಿನ ಫರ್ತ್ ಬ್ರೌನ್ ಕಂಪನಿಯೊಂದಿಗೆ ರೂಪಿಸಿದ್ದ ಬಿಲ್ಲೆಚಕ್ರ ಬಂತು. ಅದು ಗಟ್ಟಿ, ಆದರೂ ಹಗುರ.

ಆ ವಿಚಿತ್ರ ಪೆಟ್ಟಿಗೆಯಾಕಾರಕ್ಕೆ ಕಾರಣ ಇನ್ನೂ ಸ್ವಾರಸ್ಯವಾದದ್ದು. ಕಲ್ನಾರಿಗಿಂತ ಹಗುರವೆಂದು ಬುಲೀಡ್ ಬಾಯ್ಲರ್‌ಗೆ ಗಾಜಿನ ನೂಲಿನ ಹೊದಿಕೆ ಹಾಕಿಸಿದ. ಹಿಂದೆ ಮಂಜುಗಡ್ಡೆ ಮಾರುವವರು ಅದನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ ಇಡುತ್ತಿದ್ದರಲ್ಲ, ಅದೇ ತತ್ತ್ವ. ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನು ದಾಟಿಸುವುದಿಲ್ಲ. ಆದರೆ ಗಾಜಿನ ನೂಲು ಮೆತ್ತಗಿನ ವಸ್ತು. ಹೊರಗಿನ ತಗಡಿನ ಭಾರವನ್ನು ಅದು ಹೊರಲಾರದು. ತಗಡಿಗೆ ಬೇರೆ ಆಧಾರ ಕೊಡಲೇಬೇಕು. ಬೇರೆ ಆಧಾರ ಕೊಟ್ಟಮೇಲೆ ತಗಡು ಬಾಯ್ಲರ್‌ನ ದುಂಡನ್ನು ಅನುಸರಿಸಬೇಕೆಂಬ ಕಟ್ಟಲೆಯಾದರೂ ಏಕೆ? ಸುಲಭವಾಗಿ ಹೇಗೆ ಬಗ್ಗುತ್ತದೋ ಹಾಗೆ ಬಗ್ಗಿಸಿದರೆ ಸಾಕು. ಹೀಗೆ ಒಳಗೆ ದುಂಡು ಬಾಯ್ಲರ್, ಹೊರಗೆ ಪೆಟ್ಟಿಗೆ. ಚೆಂದ ಕೆಡಿಸಬೇಕೆಂದು ಯಾರೂ ಹೊರಟಿರಲಿಲ್ಲ. ಒಂದು ನಿರ್ಧಾರದ ಬಾಲ ಹಿಡಿದು ಇನ್ನೊಂದು ಬಂತು.

ಫಲವೇನಾಯಿತು? ಕ್ಯೂ1ಕ್ಕೆ ಹಿಂದಿನದು, 1938-39ರಲ್ಲಿ ತಯಾರಾದ ಕ್ಯೂ ವರ್ಗದ ಎಂಜಿನ್ನು. ಅದರ ತೂಕ ನಲವತ್ತೊಂಬತ್ತೂವರೆ ಟನ್, ಎಳೆಯುವ ಬಲ 26,160 ಪೌಂಡು. ಕ್ಯೂ1ರ ತೂಕ ಐವತ್ತೊಂದೂಕಾಲು ಟನ್, ಬಲ 30,080 ಪೌಂಡು. ತೂಕ ಎರಡು ಟನ್ನಿಗಿಂತ ಕಡಿಮೆ ಏರಿತು, ಬಲ ಶೇಕಡ 15ರಷ್ಟು ಏರಿತು. ಬರೀ ಆರು ಚಕ್ರಗಳ ಮೇಲೆ ನಿಂತ ಇಷ್ಟು ಬಲದ ಎಂಜಿನ್ನು ಬ್ರಿಟನ್ನಿನಲ್ಲಿ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಬೂದಿ, ಮಸಿ ತೊಳೆಯುವ ಆಳುಗಳೂ ಯುದ್ಧಕಾಲದಲ್ಲಿ ದುರ್ಲಭ. ಸಂದುಗೊಂದು ಕಡಿಮೆಯಿದ್ದ ಈ ಎಂಜಿನ್ನುಗಳನ್ನು ಬೋಗಿಗಳ ಹಾಗೆ ತೊಳೆಯುವ ಯಂತ್ರದ ನಡುವೆ ಹಾಯಿಸಬಹುದಿತ್ತು ಎಂದು ಹೇಳುತ್ತಾರೆ. ಮೈಗೆಲ್ಲ ಕಪ್ಪು ಬಣ್ಣ. ರಾತ್ರಿ ಒಲೆಯ ಬೆಳಕು ಶತ್ರು ವಿಮಾನಕ್ಕೆ ಕಾಣದಿರಲೆಂದು ಆ ಕಾಲದ ಬ್ರಿಟಿಷ್ ಎಂಜಿನ್ನುಗಳ ಗೂಡಿಗೂ ಟೆಂಡರ್‌ಗೂ ನಡುವೆ ದಪ್ಪ ಪರದೆ ಎಳೆಯುತ್ತಿದ್ದರು. ಮೇ ತಿಂಗಳ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತವರಿಗೆ ಆ ಡ್ರೈವರ್ ಮತ್ತು ಫೈರ್‌ಮನ್ನರ ಪಾಡು ಸ್ವಲ್ಪ ಅರ್ಥವಾದೀತು.

ಇನ್ನು ಈ ವಿನ್ಯಾಸದ ದೋಷ. ಅದನ್ನು ಮುಚ್ಚಿಟ್ಟು ಹೊಗಳಿಕೆಯನ್ನೇ ಬರೆದರೆ ಇತಿಹಾಸವಾಗುವುದಿಲ್ಲ. ಅಂದಿನ ಬ್ರಿಟಿಷ್ ಗೂಡ್ಸ್ ವ್ಯಾಗನ್ನುಗಳಲ್ಲಿ ಬಹುಪಾಲಿಗೆ ಡ್ರೈವರ್ ಹಾಕಬಲ್ಲ ಬ್ರೇಕು ಇರಲಿಲ್ಲ. ಸಡಿಲ ಸರಪಳಿಯಿಂದ ಒಂದಕ್ಕೊಂದು ಸಿಕ್ಕಿಸಿದ ವ್ಯಾಗನ್ನುಗಳ ಉದ್ದ ಸಾಲು. ಮುಂದೆ ಎಂಜಿನ್ನಿನ ಬ್ರೇಕು, ತುದಿಯಲ್ಲಿ ಗಾರ್ಡ್ ಡಬ್ಬಿಯ ಬ್ರೇಕು, ಅಷ್ಟೇ. ಹೇರು ತುಂಬಿದ ಎತ್ತಿನಗಾಡಿ ಇಳಿಜಾರಿಗೆ ಬಂದಾಗ ಏನಾಗುತ್ತದೆಂದು ನೀವು ಕಂಡಿದ್ದೀರಿ. ಏರಿನಲ್ಲಿ ಎತ್ತು ಗಾಡಿಯನ್ನು ಎಳೆಯುತ್ತದೆ, ಇಳುಕಲಿನಲ್ಲಿ ಗಾಡಿಯೇ ಎತ್ತನ್ನು ನೂಕುತ್ತದೆ. ಎತ್ತು ಕತ್ತು ಹಿಂದಕ್ಕೊತ್ತಿ, ಗೊರಸು ಊರಿ ತಡೆಯಬೇಕು. ಹಾಗೆ ತಡೆಯಲು ಬಲಕ್ಕಿಂತ ಹೆಚ್ಚಾಗಿ ಮೈತೂಕ ಬೇಕು.

ಕ್ಯೂ1ಕ್ಕೆ ಇದ್ದದ್ದು ಬಲ, ಇಲ್ಲದ್ದು ಮೈತೂಕ. ಅದು ಭಾರೀ ಗಾಡಿಯನ್ನು ಎಳೆದುಕೊಂಡು ಹೊರಡಬಲ್ಲದು, ಆದರೆ ಅದೇ ಗಾಡಿಯನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದು ಡ್ರೈವರ್‌ಗೆ ಕಷ್ಟವಾಗುತ್ತಿತ್ತು. ಗಮನಿಸಿ, ಕಾರ್ಖಾನೆಯಲ್ಲಿ ಇಳಿಸಿದ ತೂಕದ ಲಾಭ ಸೇತುವೆಗಳಿಗೆ ಸಿಕ್ಕಿತು, ಸೈನ್ಯದ ಸರಕಿಗೆ ಸಿಕ್ಕಿತು. ನಷ್ಟ ಮಾತ್ರ ರಾತ್ರಿಯ ಕತ್ತಲಲ್ಲಿ, ಪರದೆ ಎಳೆದ ಗೂಡಿನಲ್ಲಿ, ಬ್ರೇಕಿನ ಹಿಡಿಯ ಮೇಲೆ ಕೈಯಿಟ್ಟು ಮುಂದಿನ ಸಿಗ್ನಲ್ ಹುಡುಕುತ್ತಿದ್ದ ಮನುಷ್ಯನ ಪಾಲಿಗೆ ಬಂತು. ನಮ್ಮ ಬಸ್ಸಿನ ಕ್ಲೀನರ್ ಹುಡುಗ ನೆನಪಾದನೇ?

ಹಾಗಾದರೆ ಯುದ್ಧಕಾಲದ ಬ್ರಿಟಿಷ್ ಎಂಜಿನ್ನುಗಳೆಲ್ಲ ಹೀಗೆಯೇ ಇದ್ದವೇ? ಇಲ್ಲ. ಅಭಾವವೇ ಆಕಾರವನ್ನು ಗೊತ್ತುಮಾಡುತ್ತದೆ ಎಂಬ ಮಾತು ಸೋಲುವುದು ಇಲ್ಲಿಯೇ.

ಅದೇ ವರ್ಷಗಳಲ್ಲಿ, ಅದೇ ದೇಶದಲ್ಲಿ ರಾಬರ್ಟ್ ರಿಡಲ್ಸ್ ಎಂಬ ಇನ್ನೊಬ್ಬ ಎಂಜಿನಿಯರ್ ಸರ್ಕಾರದ ಪೂರೈಕೆ ಇಲಾಖೆಯಲ್ಲಿದ್ದ. ಅವನಿಗೆ ಒಪ್ಪಿಸಿದ ಕೆಲಸ ಬೇರೆ. ಸೈನ್ಯ ಯುರೋಪಿಗೆ ನುಗ್ಗಿದಾಗ ಹಿಂದೆಯೇ ಹೋಗಲು ನೂರಾರು ಎಂಜಿನ್ನುಗಳು ಬೇಕು, ಬೇಗ ಬೇಕು, ಯಾವ ದೇಶದ ಕೆಟ್ಟ ಹಳಿಯ ಮೇಲೂ ಓಡಬೇಕು, ಅಪರಿಚಿತರೂ ರಿಪೇರಿ ಮಾಡುವಂತಿರಬೇಕು. ಮೊದಲು ಸೈನ್ಯ ಆರಿಸಿಕೊಂಡದ್ದು ಲಂಡನ್ ಮಿಡ್ಲೆಂಡ್ ಅಂಡ್ ಸ್ಕಾಟಿಷ್ ರೈಲ್ವೆಯ ‘8ಎಫ್’ ಎಂಬ ಒಳ್ಳೆಯ ಎಂಜಿನ್ನನ್ನು. ಇರಾನ್, ಟರ್ಕಿ, ಈಜಿಪ್ಟ್‌ಗಳಿಗೂ ಅವು ಹೋದವು. ಆದರೆ ಅದನ್ನು ಕಟ್ಟಲು ಬಹಳ ಕೆಲಸ. ಬಾಯ್ಲರ್ ಮುಂದಕ್ಕೆ ಹೋಗುತ್ತ ಸಪುರವಾಗಬೇಕು, ಒಲೆಯ ನೆತ್ತಿ ಚಪ್ಪಟೆಯಾಗಿ ಭುಜ ಬಿಟ್ಟುಕೊಂಡಿರಬೇಕು, ಎಷ್ಟೋ ಭಾಗಗಳು ಎರಕದ ಉಕ್ಕಿನವಾಗಬೇಕು.

ರಿಡಲ್ಸ್ ತೂಕದ ಗೊಡವೆಗೆ ಹೆಚ್ಚು ಹೋಗಲಿಲ್ಲ. ಅವನು ಉಳಿಸಿದ್ದು ಕುಶಲ ಕೆಲಸಗಾರರ ದುಡಿಮೆಯ ಗಂಟೆಗಳನ್ನು ಮತ್ತು ಎರಕದ ಉಕ್ಕನ್ನು. ಏಕೆಂದರೆ ಅದೇ ಉಕ್ಕು, ಅದೇ ಕೈಗಳು ಟ್ಯಾಂಕಿಗೂ ತೋಪಿಗೂ ಬೇಕಾಗಿದ್ದವು. ಬಾಯ್ಲರ್ ಉದ್ದಕ್ಕೂ ಒಂದೇ ಸುತ್ತಳತೆಯ ಕೊಳವೆಯಾಯಿತು, ಒಲೆಯ ನೆತ್ತಿ ದುಂಡಾಯಿತು. ಉಕ್ಕಿನ ಎರಕವಿದ್ದ ಕಡೆ ಎರಕದ ಕಬ್ಬಿಣವೋ, ತಗಡು ಕತ್ತರಿಸಿ ಬೆಸೆದ ಭಾಗವೋ ಬಂತು. ಹಿಂದೆಮುಂದೆ ಆಡುವ ಪಿಸ್ಟನ್ನು, ಸರಳುಗಳ ಕುಲುಕಾಟವನ್ನು ಸರಿದೂಗಿಸಲು ಚಕ್ರಕ್ಕೆ ಹಾಕುವ ತೂಕವನ್ನೂ ಬಿಟ್ಟ. ಈ ಎಂಜಿನ್ನುಗಳು ಓಡುವಾಗ ಲೊಟಕ್ ಲೊಟಕ್ ಎಂಬ ಲೋಹದ ಸದ್ದು ದೂರದಿಂದಲೇ ಕೇಳುತ್ತಿತ್ತು. ಒಳಗೆ ನಿಂತವರ ಮೂಳೆಗೂ ಅದು ತಟ್ಟುತ್ತಿತ್ತು. ಇವಕ್ಕೆ ‘ಆಸ್ಟೆರಿಟಿ’ ಎಂದೇ ಹೆಸರಾಯಿತು, ಅಂದರೆ ಕಡು ಮಿತವ್ಯಯ. 1943ರಿಂದ 1945ರೊಳಗೆ ಎರಡು ಕಂಪನಿಗಳು ಸೇರಿ 935 ಎಂಜಿನ್ನುಗಳನ್ನು ಹೊರತಂದವು. ಗ್ಲ್ಯಾಸ್ಗೋದ ನಾರ್ತ್ ಬ್ರಿಟಿಷ್ 545, ಲ್ಯಾಂಕಷೈರಿನ ವಲ್ಕನ್ ಫೌಂಡ್ರಿ 390. ಇವಲ್ಲದೆ ಇನ್ನೂ ಹಗುರ ಹಳಿಗಳಿಗೆಂದು ತೂಕವನ್ನು ಹತ್ತು ಚಕ್ರಗಳ ಮೇಲೆ ಹಂಚಿದ 150 ಎಂಜಿನ್ನುಗಳೂ ಬಂದವು.

ಈಗ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ರಿಡಲ್ಸ್‌ನ ಎಂಜಿನ್ನಿನಲ್ಲಿ ಬಾಯ್ಲರ್ ದುಂಡಗಿದೆ, ನಡೆಹಲಗೆ ಇದೆ, ಚಕ್ರಕ್ಕೆ ಅರಗಾಲುಗಳಿವೆ. ಮಗು ಬರೆದ ಚಿತ್ರಕ್ಕೆ ಅದು ಹತ್ತಿರ. ಅದೇ ಯುದ್ಧ, ಅದೇ ಉಕ್ಕು, ಅದೇ ದೇಶ. ಆದರೂ ಒಂದು ಎಂಜಿನ್ನು ಸೌಮ್ಯವಾಗಿ, ಇನ್ನೊಂದು ವಿಲಕ್ಷಣವಾಗಿ ಹೊರಬಂತು. ಒಬ್ಬ ತೂಕ ಉಳಿಸುತ್ತಿದ್ದ, ಇನ್ನೊಬ್ಬ ದುಡಿಮೆಯನ್ನು.

ಮನುಷ್ಯಸ್ವಭಾವದ ಪಾತ್ರವೂ ಇದೆ ಎಂದು ನನಗೆ ತೋರುತ್ತದೆ. 1882ರಲ್ಲಿ ನ್ಯೂಜಿಲೆಂಡಿನಲ್ಲಿ ಹುಟ್ಟಿದ ಬುಲೀಡ್, ಹೆಸರಾಂತ ವಿನ್ಯಾಸಕಾರ ನೈಜೆಲ್ ಗ್ರೆಸ್ಲಿಯ ಕೈಕೆಳಗೆ ಬಹುಕಾಲ ಪಳಗಿ 1937ರಲ್ಲಿ ಸದರ್ನ್ ರೈಲ್ವೆಗೆ ಬಂದವನು. ಹೊಸದನ್ನು ಮಾಡಿ ನೋಡದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲವೇನೋ. ಕ್ಯೂ1ಕ್ಕೆ ಹಿಂದಿನ ವರ್ಷವೇ, 1941ರಲ್ಲಿ, ಯುದ್ಧದ ನಡುವೆಯೇ ‘ಮರ್ಚೆಂಟ್ ನೇವಿ’ ಎಂಬ ವೇಗದ ಎಂಜಿನ್ನನ್ನು ಹೊರತಂದ. ಅದಕ್ಕೆ ತಲೆಯಿಂದ ಬಾಲದವರೆಗೆ ನುಣುಪಾದ ತಗಡಿನ ಹೊದಿಕೆ, ಒಳಗೆ ಎಣ್ಣೆಯಲ್ಲಿ ಮುಳುಗಿ ಓಡುವ ಸರಪಳಿ. ಎಕ್ಸ್‌ಪ್ರೆಸ್ ಎಂಜಿನ್ನು ಎಂದರೆ ಯುದ್ಧಕಾಲದಲ್ಲಿ ಅನುಮತಿ ಸಿಗದೆಂದು, ಸರಕನ್ನೂ ಎಳೆಯುವ ಮಿಶ್ರ ಬಳಕೆಯ ಎಂಜಿನ್ನು ಎಂದು ಅದನ್ನು ಕರೆದರು. ಒಂದು ವರ್ಷ ಮೈತುಂಬ ಬಟ್ಟೆ ಹೊದಿಸಿದವನು ಮರುವರ್ಷ ಬಟ್ಟೆಯನ್ನೆಲ್ಲ ಬಿಚ್ಚಿಸಿದ. ಅವನು ಎಂಜಿನ್ನುಗಳಿಗೆ ಕೊಟ್ಟ ಸಂಖ್ಯೆಯೂ ಬ್ರಿಟನ್ನಿನ ರೂಢಿಯದಲ್ಲ. ಮೊದಲ ಕ್ಯೂ1ರ ಹೆಸರು ‘ಸಿ1’. ‘ಸಿ’ ಎಂದರೆ ಮೂರು ಚಾಲಕ ಅಚ್ಚುಗಳು. ಚಾರ್ಲಿ ಎಂಬ ಅಡ್ಡಹೆಸರು ಬಂದದ್ದೂ ಆ ‘ಸಿ’ ಅಕ್ಷರದಿಂದಲೇ. ಈ ಕೆಲಸ ಬುಲೀಡ್‌ನ ಕೈಗೆ ಬರದೆ ಬೇರೊಬ್ಬರಿಗೆ ಹೋಗಿದ್ದರೆ ಅಷ್ಟೇ ಹಗುರವಾದ, ಇಷ್ಟು ವಿಚಿತ್ರವಲ್ಲದ ಎಂಜಿನ್ನು ಬರುತ್ತಿತ್ತು ಎಂಬುದು ನನ್ನ ಊಹೆ. ನೀವು ಒಪ್ಪದಿರಬಹುದು.

ಶತ್ರುಪಾಳೆಯದಲ್ಲೂ ಇದೇ ನಡೆದಿತ್ತು. ಜರ್ಮನಿ 1942ರಿಂದ ತನ್ನ ‘52’ ವರ್ಗದ ಯುದ್ಧ ಎಂಜಿನ್ನುಗಳನ್ನು ಕಟ್ಟತೊಡಗಿತು. ಹಿಂದಿನ ಎಂಜಿನ್ನಿನ ನೂರಾರು ಭಾಗಗಳನ್ನು ಬಿಟ್ಟು, ಉಳಿದವನ್ನು ಸರಳಗೊಳಿಸಿ 6,000ಕ್ಕೂ ಹೆಚ್ಚು ತಯಾರಿಸಿತು. ಆದರೆ ಅವು ಓಡಬೇಕಾದದ್ದು ರಷ್ಯದ ಚಳಿಯಲ್ಲಿ. ಹಾಗಾಗಿ ಅಲ್ಲಿ ಡ್ರೈವರ್‌ನ ಗೂಡನ್ನು ಕಡಿಮೆ ಮಾಡುವ ಬದಲು ನಾಲ್ಕೂ ಕಡೆ ಮುಚ್ಚಿದರು.

ಅಲ್ಪಾಯುಷಿ ಎಂದು ಹುಟ್ಟಿದ ಈ ಎಂಜಿನ್ನುಗಳ ಆಯುಸ್ಸಿನ ಕಥೆಯೂ ಕೇಳುವಂಥದ್ದು. ರಿಡಲ್ಸ್‌ನ ಎಂಟು ಚಕ್ರದ 935 ಎಂಜಿನ್ನುಗಳಲ್ಲಿ 733 ಯುದ್ಧದ ಬಳಿಕ ಬ್ರಿಟಿಷ್ ರೈಲ್ವೆಗೆ ಸೇರಿ 1960ರ ದಶಕದವರೆಗೂ ಕಲ್ಲಿದ್ದಲು ಎಳೆದವು. 90000ದಿಂದ 90732ರವರೆಗೆ ಅವುಗಳ ಸಂಖ್ಯೆ. ಒಂದನ್ನಾದರೂ ಉಳಿಸಿಕೊಳ್ಳೋಣವೆಂದು ಯಾರಿಗೂ ತೋಚಲಿಲ್ಲ. ಎಲ್ಲವೂ ಗುಜರಿಗೆ ಹೋದವು. ತೀರ ಸಾಮಾನ್ಯವಾದದ್ದನ್ನು ಯಾರೂ ಎತ್ತಿಡುವುದಿಲ್ಲ ನೋಡಿ. ಕೊನೆಗೆ ಹಾಲೆಂಡಿಗೆ ಹೋಗಿ, ಅಲ್ಲಿಂದ ಸ್ವೀಡನ್ನಿಗೆ ಮಾರಾಟವಾಗಿದ್ದ ಒಂದನ್ನು 1970ರ ದಶಕದಲ್ಲಿ ಯಾರ್ಕ್‌ಷೈರಿನ ಕೀಲಿ ಅಂಡ್ ವರ್ತ್ ವ್ಯಾಲಿ ರೈಲ್ವೆಯ ಉತ್ಸಾಹಿಗಳು ಮರಳಿ ತಂದರು. ಅದು ಬ್ರಿಟಿಷ್ ರೈಲ್ವೆಯಲ್ಲಿ ಎಂದೂ ದುಡಿದಿರಲಿಲ್ಲವಾದ್ದರಿಂದ ಅದಕ್ಕೆ ಹಳೆಯ ಸಂಖ್ಯೆ ಇರಲಿಲ್ಲ. ಸಾಲಿನ ಮುಂದಿನ ಸಂಖ್ಯೆಯನ್ನೇ ಕೊಟ್ಟರು: 90733.

ಕ್ಯೂ1ಗಳು 1966ರ ಹೊತ್ತಿಗೆ ಸೇವೆಯಿಂದ ಹೊರಬಿದ್ದವು. ಮೊದಲ ಎಂಜಿನ್ನು ಸಿ1 ಮಾತ್ರ ಉಳಿದು ಇಂದು ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ಸಂಗ್ರಹದಲ್ಲಿದೆ.

ಇವು ಯಾವುವೂ ಮದ್ದೂರಿನ ಕಡೆ ಬರುವಂತಿರಲಿಲ್ಲ. ಬ್ರಿಟನ್ನಿನ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ನಮ್ಮ ಬೆಂಗಳೂರು–ಮೈಸೂರು ಮಾರ್ಗದ್ದು ಆಗ ಕೇವಲ 1,000. ಆ ಒಂದು ಮೀಟರ್ ಅಳತೆಯೂ ಮಿತವ್ಯಯದ ಮಗುವೇ. ಅಗಲ ಹಳಿ ದುಬಾರಿ ಎಂದು 1870ರ ಸುಮಾರಿಗೆ ವೈಸರಾಯ್ ಲಾರ್ಡ್ ಮೇಯೊ ಕಾಲದಲ್ಲಿ ಮೀಟರ್ ಗೇಜನ್ನು ಆರಿಸಿಕೊಂಡರು. 1876-78ರ ಭೀಕರ ಬರಗಾಲದಲ್ಲಿ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ ನಮ್ಮ ಮಾರ್ಗದ ಮಣ್ಣು ಕೆಲಸ ನಡೆಯಿತು. ಅಲ್ಲಿ ಉಳಿಸಿದ್ದು ಹಣವನ್ನು. ಆ ಉಳಿತಾಯದ ಬೆಲೆಯನ್ನು ಗೇಜು ಬದಲಾಗುವ ನಿಲ್ದಾಣಗಳಲ್ಲಿ ಮೂಟೆಗಳನ್ನು ಒಂದು ಗಾಡಿಯಿಂದ ಇನ್ನೊಂದಕ್ಕೆ ಹೊತ್ತ ಹಮಾಲರು ನೂರು ವರ್ಷಕ್ಕೂ ಹೆಚ್ಚು ಕಾಲ ತೆತ್ತರು. ನಮ್ಮ ಮಾರ್ಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ.

ಹಾಗೆಂದು ಯುದ್ಧದ ಎಂಜಿನ್ನುಗಳು ಭಾರತಕ್ಕೆ ಬರಲೇ ಇಲ್ಲವೆಂದಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ ನಮ್ಮ ದೇಶವೇ ಕೊಟ್ಟಿತು. ಕೆಲವು ಶಾಖಾಮಾರ್ಗಗಳ ಹಳಿಗಳನ್ನು ಕಿತ್ತು, ಮೀಟರ್ ಗೇಜ್ ಎಂಜಿನ್ನು ಮತ್ತು ವ್ಯಾಗನ್ನುಗಳನ್ನು ಹಡಗಿಗೆ ಹೇರಿ ಪಶ್ಚಿಮ ಏಷ್ಯಾಕ್ಕೆ ಕಳಿಸಿದರು. ಆಮೇಲೆ ಬರ್ಮಾ ಗಡಿಯಲ್ಲಿ ಯುದ್ಧ ಬಿರುಸಾದಾಗ ಕೊಟ್ಟವರೇ ಬೇಡಬೇಕಾಯಿತು. ಅಸ್ಸಾಮಿನತ್ತ ಹೋಗುವ ಒಂದೇ ಒಂದು ಮೀಟರ್ ಗೇಜ್ ಹಾದಿಯ ಮೇಲೆ ಇಡೀ ಸೈನ್ಯದ ಊಟ, ಮದ್ದುಗುಂಡು ಸಾಗಬೇಕು. 1944ರ ಮಾರ್ಚ್ 1ರಂದು ಬಂಗಾಳ–ಅಸ್ಸಾಂ ರೈಲ್ವೆಯ ಮುಖ್ಯ ಭಾಗದ ಓಡಾಟವನ್ನು ಅಮೆರಿಕದ ಸೇನಾ ರೈಲ್ವೆ ದಳಕ್ಕೆ ವಹಿಸಲಾಯಿತು. ಅಮೆರಿಕದಿಂದ ‘ಮೆಕಾರ್ಥರ್’ ಎಂಬ ಮೀಟರ್ ಗೇಜ್ ಎಂಜಿನ್ನುಗಳು ಬಂದವು. ಬ್ರಿಟನ್ನಿನ ಬೇಯರ್ ಪೀಕಾಕ್ ಕಂಪನಿಯಿಂದ ಗ್ಯಾರಟ್ ಎಂಜಿನ್ನುಗಳು ಬಂದವು. ಗ್ಯಾರಟ್ ಎಂದರೆ ಅಡ್ಡೆಯ ಎರಡು ತುದಿಗೆ ಇಬ್ಬರು ಹೆಗಲು ಕೊಟ್ಟಂತೆ, ಮುಂದೊಂದು ಹಿಂದೊಂದು ಎಂಜಿನ್ನು, ನಡುವೆ ತೂಗಿದ ಒಂದೇ ಬಾಯ್ಲರ್. ಹಗುರ ಹಳಿ, ಚೂಪು ತಿರುವು, ಭಾರೀ ಹೊರೆ ಮೂರಕ್ಕೂ ಅದು ಒಗ್ಗುತ್ತಿತ್ತು. ಬುಲೀಡ್‌ನ ಮುಂದಿದ್ದ ಪ್ರಶ್ನೆಯೇ ಇಲ್ಲೂ ಇತ್ತು: ಹಳಿಗೆ ನೋವಾಗದಂತೆ ಬಲ ಹೆಚ್ಚಿಸುವುದು. ಅವನು ತೂಕವನ್ನು ಕಳೆದ; ಗ್ಯಾರಟ್ ತೂಕವನ್ನು ಹಂಚಿತು.

ಬ್ರಾಡ್‌ಗೇಜಿಗೆ ಅಮೆರಿಕ, ಕೆನಡಾಗಳಿಂದ ಬಂದ ಗಟ್ಟಿಮುಟ್ಟಾದ ಸರಕು ಎಂಜಿನ್ನುಗಳು ಯುದ್ಧ ಮುಗಿದ ಮೇಲೂ ಭಾರತದಲ್ಲಿ ದಶಕಗಳ ಕಾಲ ದುಡಿದವು. 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂದ ಮೊದಲ ‘ಡಬ್ಲ್ಯು.ಪಿ.’ ಎಂಜಿನ್ನುಗಳಲ್ಲೂ, 1950ರ ನವೆಂಬರ್ 1ರಂದು ಮೊದಲ ಎಂಜಿನ್ನನ್ನು ಹೊರತಂದ ಚಿತ್ತರಂಜನ್ ಕಾರ್ಖಾನೆಯ ‘ಡಬ್ಲ್ಯು.ಜಿ.’ಗಳಲ್ಲೂ ಬ್ರಿಟಿಷ್ ರೂಢಿಗಿಂತ ಅಮೆರಿಕದ ಛಾಯೆಯೇ ಹೆಚ್ಚು ಕಾಣುತ್ತದೆ.

ರಜೆಯಲ್ಲಿ ಮೈಸೂರಿಗೆ ಹೋದರೆ, ನಿಲ್ದಾಣದ ಸಮೀಪ 1979ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಮೀಸಲಿಡಿ. ದಾರಿಯಲ್ಲಿ ಮದ್ದೂರು ವಡೆ ನಿಮ್ಮ ಖರ್ಚು. ಅಲ್ಲಿ ನಿಂತಿರುವ ಹಳೆಯ ಉಗಿಬಂಡಿಗಳ ಮುಂದೆ ಫೋಟೊ ತೆಗೆಸಿಕೊಳ್ಳುವ ಮೊದಲು ಪಕ್ಕಕ್ಕೆ ಬನ್ನಿ. ಬಾಯ್ಲರ್‌ನ ಮಗ್ಗುಲಲ್ಲಿ ಉದ್ದಕ್ಕೂ ಹಾದುಹೋಗಿರುವ ನಡೆಹಲಗೆಯನ್ನು ಒಮ್ಮೆ ನೋಡಿ. ಎಂಜಿನ್ನಿನ ಆಳು ಎಣ್ಣೆ ಡಬ್ಬಿ ಹಿಡಿದು ನಡೆದಾಡುತ್ತಿದ್ದದ್ದು ಅದರ ಮೇಲೆಯೇ. ಸಿ1ರಲ್ಲಿ ಇಲ್ಲದ್ದು ಅದು.